ಕೈ ಎತ್ತಿದಲ್ಲೆಲ್ಲ ನಿಲುಗಡೆ

ರೈಟಣ್ಣನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಬಾಕಿ ಇತ್ತು. ಒಬ್ಬನೇ ಇರಬೇಕು.

ಈ ಮಾತು ಕೇಳಿದವರೆಲ್ಲ ಮೊದಲು ಅವನ ಹೆಂಡತಿಯ ಕಡೆ ತಿರುಗಿ ನೋಡುತ್ತಿದ್ದರು. ಪಾಪ, ಅವಳದೇನೂ ತಪ್ಪಿಲ್ಲ. ತಪ್ಪೆಲ್ಲ ಬಸ್ಸಿನದು. ರೈಟಣ್ಣ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವನು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಅವನ ಪಕ್ಕೆಗೆ ಯಾರದಾದರೂ ಮೊಣಕೈ, ಪಾದದ ಮೇಲೆ ಯಾರದಾದರೂ ಚಪ್ಪಲಿ, ಕಿವಿಯೊಳಗೆ ಯಾರದಾದರೂ ಸಂಸಾರದ ಗೋಳು ಇದ್ದೇ ಇತ್ತು. ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಜನರ ನಡುವೆ ನುಸುಳಿ ನುಸುಳಿ ಅವನ ನಡಿಗೆಯೇ ಅಡ್ಡವಾಗಿಬಿಟ್ಟಿತ್ತು. ಖಾಲಿ ಬೀದಿಯಲ್ಲೂ ಒಂದು ಭುಜ ಮುಂದೆ ಮಾಡಿಕೊಂಡೇ ನಡೆಯುತ್ತಿದ್ದ. "ರೈಟ್ ರೈಟ್" ಅಂತ ಡ್ರೈವರಿಗೆ ಕೂಗಿ ಕೂಗಿ ಸ್ವಂತ ಹೆಸರು ಊರಿಗೆ ಪೂರ್ತಿ ಮರೆತು, ಅವನಿಗೂ ಅರ್ಧ ಮರೆತು, ಕೊನೆಗೆ ರೈಟಣ್ಣ ಅಂತಲೇ ಉಳಿದುಕೊಂಡಿತ್ತು.

ಮನೆಯ ಹಿತ್ತಲಲ್ಲಿ ಒಂದು ಹಾಯಿದೋಣಿ ಇತ್ತು. ಅದು ತೀರಿಹೋದ ಮಾವನದು. ಮಾವ ಇದ್ದಾಗ ರಜೆಯ ದಿನಗಳಲ್ಲಿ ಅಳಿಯನನ್ನು ಕೂರಿಸಿಕೊಂಡು ಹಾಯಿ ಬಿಚ್ಚುವುದು, ಚುಕ್ಕಾಣಿ ಹಿಡಿಯುವುದು ಎಲ್ಲ ಕಲಿಸಿದ್ದರು. ಮಗಳಿಗಂತೂ ಕಲಿಸುವ ಅಗತ್ಯವೇ ಇರಲಿಲ್ಲ. ಅವಳು ಆ ದೋಣಿಯಲ್ಲೇ ಬೆಳೆದವಳು. ಅಪ್ಪ ಹೋದ ಮೇಲೆ ಮಾತ್ರ ಅವಳು ಅದಕ್ಕೆ ಕಾಲಿಡಲಿಲ್ಲ. ಅದನ್ನು ಸುಮ್ಮನೆ ನೋಡಿದರೆ ಅಳು ಬರುತ್ತದೆ ಅಂತ ಹಾಯಿಕಂಬದಿಂದ ಬೇಲಿಗೆ ಹಗ್ಗ ಎಳೆದು ಬಟ್ಟೆ ಒಣಹಾಕುತ್ತಿದ್ದಳು.

ಹೀಗಿರುವಾಗ ಒಂದು ಭಾನುವಾರ ಭಾವ ಊಟಕ್ಕೆ ಬಂದರು. ಭಾವ ಅಂದರೆ ಹೆಂಡತಿಯ ಅಣ್ಣ, ಬಂದರು ಕಚೇರಿಯ ದೊಡ್ಡ ಸಾಹೇಬರು. ಶಿಸ್ತು ಅಂದರೆ ಶಿಸ್ತು. ಮನೆಯಲ್ಲಿ ಹೆಂಡತಿ ಮಕ್ಕಳು ಸ್ನಾನಕ್ಕೆ ಹೋಗುವಾಗಲೂ ಸಾಲಾಗಿ ನಿಲ್ಲಬೇಕು ಅನ್ನುವವರ ಪೈಕಿ. ಅವರು ಎರಡನೇ ಸಲ ಬಡಿಸಿಕೊಳ್ಳುತ್ತಾ ಹೇಳಿದರು:

"ಆ ದೋಣಿ ವಿಷಯ ತೀರ್ಮಾನ ಮಾಡಿದೆ. ಓಡಿಸೋರು ಯಾರೂ ಇಲ್ಲ, ಸುಮ್ಮನೆ ಒಣಗ್ತಾ ಬಿದ್ದಿದೆ. ನಮ್ಮ ಕಚೇರಿ ಮುಂದೆ ನಿಲ್ಲಿಸಿ, ಒಳಗೆ ಮಣ್ಣು ತುಂಬಿ, ಹೂಗಿಡ ನೆಡಿಸ್ತೀನಿ. ಅಪ್ಪನ ನೆನಪೂ ಉಳಿಯುತ್ತೆ, ನೋಡೋಕೂ ಚೆಂದ."

ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಅವಳು ಏನೂ ಅನ್ನಲಿಲ್ಲ. ಅವಳು ಮಾತಾಡಿದರೆ ರೈಟಣ್ಣ ಹೇಗೋ ತಡೆದುಕೊಳ್ಳಬಲ್ಲ, ಸುಮ್ಮನಾದರೆ ಅವನಿಗೆ ಕೈಕಾಲು ಆಡುವುದಿಲ್ಲ. ಯೋಚನೆ ಮಾಡುವ ಮೊದಲೇ ಬಾಯಿ ತೆರೆದುಬಿಟ್ಟ.

"ಓಡಿಸೋರು ಯಾಕಿಲ್ಲ ಭಾವ? ನಾನಿಲ್ವಾ?"

"ನೀವಾ?" ಭಾವ ನಕ್ಕರು. "ಅದಕ್ಕೆ ಬ್ರೇಕ್ ಇಲ್ಲ. ಗೊತ್ತಲ್ಲ?"

ಊಟಕ್ಕೆ ಕೂತವರೆಲ್ಲ ನಕ್ಕರು. ರೈಟಣ್ಣನ ಕಿವಿ ಕೆಂಪಾಯಿತು.

"ಎದುರಿಗಿರೋ ಮೂರೂ ದ್ವೀಪ ಸುತ್ತಿಕೊಂಡು ಬರ್ತೀನಿ. ಒಬ್ಬನೇ! ಲಾಂಚ್ ಶುರುವಾಗೋ ಮುಂಚೇನೇ!"

ಎಲ್ಲರೂ ನಗು ನಿಲ್ಲಿಸಿದರು. ಯಾಕೆಂದರೆ ಮಳೆಗಾಲದ ಕಡಲಿನ ಆರ್ಭಟ ಆಗಷ್ಟೇ ಇಳಿದಿತ್ತು. ದ್ವೀಪಗಳಿಗೆ ಜನರನ್ನು ಸಾಗಿಸುವ ಲಾಂಚು ಇನ್ನೂ ದಡದ ಮೇಲೆ ಎಂಜಿನ್ ಬಿಚ್ಚಿಕೊಂಡು ಮಲಗಿತ್ತು. ಮೀನುಗಾರರೇ ಬಲೆ ಹೊಲಿಯುತ್ತಾ ಕೂತಿದ್ದ ಕಾಲ.

ಭಾವ ಕೈ ತೊಳೆದುಕೊಂಡು ಬಂದು ಷರತ್ತು ಹಾಕಿದರು. "ಒಬ್ಬನೇ ಅಂದ್ರೆ ಒಬ್ಬನೇ. ಬೇರೆಯವರ ಕಾಲು ದೋಣಿಗೆ ತಾಗಬಾರದು. ಸುತ್ತಿ ಬಂದರೆ ದೋಣಿ ನಿಮ್ಮದು, ನಾನು ಚಕಾರ ಎತ್ತಲ್ಲ. ಇಲ್ಲದಿದ್ರೆ ಅವತ್ತೇ ಮಣ್ಣು."

"ಆಯ್ತು," ಅಂದ ರೈಟಣ್ಣ.

ಸುದ್ದಿ ಬೀದಿಯಲ್ಲಿ ಹಬ್ಬಿತು. ರೈಟಣ್ಣ ಒಬ್ಬನೇ ಸಮುದ್ರಕ್ಕೆ ಹೋಗುತ್ತಾನಂತೆ ಅಂತ ತಿಳಿದ ಕೂಡಲೇ ಜೊತೆಗೆ ಬರುತ್ತೇವೆ ಅನ್ನುವವರು ಶುರುವಾದರು. ಪಕ್ಕದ ಮನೆಯ ಮೇಷ್ಟ್ರು ಬೇಲಿಯ ಮೇಲಿಂದ ಕತ್ತು ಚಾಚಿ, "ಒಬ್ರೇ ಹೋಗೋಕೆ ಬೇಜಾರಲ್ವಾ? ನಾನೂ ಬರ್ಲಾ?" ಅಂದರು. ಒಬ್ಬನೇ ಹೋಗುವುದೇ ಅದರ ಉದ್ದೇಶ ಅಂತ ರೈಟಣ್ಣ ವಿವರಿಸಿದ. ಮೇಷ್ಟ್ರು ಗಂಭೀರವಾಗಿ ಕೇಳಿಸಿಕೊಂಡು, "ಹೌದೌದು, ಅರ್ಥ ಆಯ್ತು. ನಾನೇನೂ ಮಾತಾಡಲ್ಲ, ಒಂದು ಮೂಲೇಲಿ ಕೂತಿರ್ತೀನಿ," ಅಂದರು.

ಹೊರಡುವ ಬೆಳಿಗ್ಗೆ ಒಂದು ಅಚಾತುರ್ಯ ನಡೆಯಿತು. ನಡೆದದ್ದು ಆಮೇಲೆ ಗೊತ್ತಾಯಿತೇ ಹೊರತು ಆಗ ಯಾರಿಗೂ ಹೊಳೆಯಲಿಲ್ಲ. ಕಡಲ ಗಾಳಿ ಇನ್ನೂ ತಣ್ಣಗಿದೆ, ದಪ್ಪ ಬಟ್ಟೆ ಹಾಕಿಕೊಳ್ಳಿ ಅಂತ ಹೆಂಡತಿ ಪೆಟ್ಟಿಗೆ ಜಾಲಾಡಿದಳು. ಮನೆಯಲ್ಲಿ ದಪ್ಪ ಬಟ್ಟೆ ಅಂತ ಇದ್ದದ್ದು ಹಳೆಯ ಖಾಕಿ ಸಮವಸ್ತ್ರ ಒಂದೇ. ಊಟ ನೆನೆಯಬಾರದು ಅಂತ ರೈಟಣ್ಣ ತನ್ನ ಹಳೆಯ ಚರ್ಮದ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಒಂಟಿಯಾಗಿ ಕಡಲಿಗೆ ಇಳಿಯುವವನ ಹತ್ತಿರ ಸೀಟಿ ಇರಲೇಬೇಕು, ಬಂದರಿನ ನಿಯಮ, ಅಂತ ಭಾವ ಹೇಳಿ ಕಳಿಸಿದ್ದರಿಂದ ಕತ್ತಿಗೆ ಸೀಟಿಯೂ ಬಂತು. ಹೀಗೆ ಮೂವರೂ ಸೇರಿ, ಮೂರು ಒಳ್ಳೆಯ ಕಾರಣಕ್ಕೆ, ಸಮುದ್ರಯಾತ್ರಿಯೊಬ್ಬನನ್ನು ಮತ್ತೆ ಕಂಡಕ್ಟರ್ ಮಾಡಿ ಕಳಿಸಿದರು.

ಬೀದಿಯವರೆಲ್ಲ ಸೇರಿ ದೋಣಿಯನ್ನು ಹಿತ್ತಲಿಂದ ಹೊತ್ತು ತಂದು ನೀರಿಗೆ ಇಳಿಸಿಕೊಟ್ಟರು. ದೋಣಿಕಟ್ಟೆಯಿಂದ ಸ್ವಲ್ಪ ದೂರ ಹೋದ ಮೇಲೆ ಗಾಳಿ ಹಾಯಿಗೆ ಮೆತ್ತಗೆ ತುಂಬಿಕೊಂಡಿತು. ಕಡಲು ನುಣ್ಣಗೆ ಹಾಸಿಕೊಂಡಿತ್ತು. ದಡದ ಗದ್ದಲ ನಿಂತಿತು. ರೈಟಣ್ಣ ಎಡಕ್ಕೆ ನೋಡಿದ, ಯಾರೂ ಇಲ್ಲ. ಬಲಕ್ಕೆ ನೋಡಿದ, ಯಾರೂ ಇಲ್ಲ. ಅನುಮಾನ ಬಂದು ಹಿಂದಕ್ಕೂ ನೋಡಿದ. ಅಲ್ಲೂ ಇಲ್ಲ! ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎರಡೂ ಮೊಣಕೈಗಳನ್ನು ಪೂರ್ತಿ ಅಗಲಿಸಿ ಕೂತ. ಯಾರಿಗೂ ತಾಗಲಿಲ್ಲ. ಮತ್ತೊಮ್ಮೆ ಅಗಲಿಸಿದ. ಇದಕ್ಕಿಂತ ದೊಡ್ಡ ಸುಖ ಮನುಷ್ಯನಿಗೆ ಬೇಕಾಗಿಲ್ಲ ಅಂತ ಅವನಿಗೆ ಆ ಕ್ಷಣ ಖಂಡಿತವಾಗಿ ಅನ್ನಿಸಿತು.

ಮೊದಲನೇ ದ್ವೀಪದ ಮೂಲೆಯನ್ನು ಬಳಸುವಾಗ ಕೈ ತಾನಾಗಿಯೇ ಸೀಟಿಗೆ ಹೋಯಿತು. ತಿರುವು ಬಂದಾಗ ಊದುವುದು ಅವನ ಹಳೆಯ ಅಭ್ಯಾಸ. ಊದಿದ. ಆ ನಿಶ್ಶಬ್ದದಲ್ಲಿ ಅದು ದ್ವೀಪದ ಈ ತುದಿಯಿಂದ ಆ ತುದಿಯವರೆಗೆ ಕೇಳಿಸಿತು.

ದ್ವೀಪದ ಜನ ಎಷ್ಟೋ ಕಾಲದಿಂದ ಲಾಂಚಿಲ್ಲದೆ ಒಳಗೇ ಕೂತಿದ್ದವರು ಅನ್ನುವುದು ಅವನ ತಲೆಗೆ ಬರಲೇ ಇಲ್ಲ. ಮರಳಿನ ಪುಟ್ಟ ದಂಡೆ ಕಂಡಿತು, ಊಟಕ್ಕೆ ಒಳ್ಳೆಯ ಜಾಗ ಅಂದುಕೊಂಡು ದೋಣಿ ನಿಲ್ಲಿಸಿದ. ಇಳಿದು ಹಗ್ಗವನ್ನು ಬಂಡೆಗೆ ಸುತ್ತಿ ತಿರುಗಿದರೆ, ದೋಣಿಯ ನಟ್ಟನಡುವೆ ಒಬ್ಬ ಅಜ್ಜಿ ಕೂತಿದ್ದಳು. ತೊಡೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೋಳಿ. ಕೋಳಿಯೂ ಸಿದ್ಧವಾಗಿ ಕೂತಿತ್ತು.

"ಯಾಕಪ್ಪ ಈ ವರ್ಷ ದೋಣಿ ಇಷ್ಟು ಚಿಕ್ಕದು ಮಾಡಿದ್ದಾರೆ?" ಅಂದಳು ಅಜ್ಜಿ.

"ಅಜ್ಜಿ, ಇದು ಸರ್ವೀಸ್ ದೋಣಿ ಅಲ್ಲ."

"ಹಾಗಾದ್ರೆ ಖಾಕಿ ಯಾಕೆ?"

"ಚಳಿಗೆ."

"ಆ ಚೀಲ?"

"ಊಟಕ್ಕೆ."

"ಸೀಟಿ?"

"ಅದು ಮುಳುಗಿದ್ರೆ ಊದೋಕೆ."

"ಮುಳುಗೋಕೆ ಮುಂಚೇನೇ ಊದಿದ್ಯಲ್ಲ?" ಅಜ್ಜಿ ಅವನನ್ನು ಕನಿಕರದಿಂದ ನೋಡಿದಳು. "ಕಂಡಕ್ಟರುಗಳೆಲ್ಲ ಒಂದೇ. ಹತ್ತಿಸ್ಕೊಳ್ಳೋಕೆ ಮನಸ್ಸಿಲ್ಲದಿದ್ರೆ ನೂರು ನೆವ. ಡಿಪೋಗೆ ಹೋಗ್ತಿದೆ ಅಂದುಬಿಡು, ಅದೊಂದು ಬಾಕಿ."

ಆ ಮಾತನ್ನು ರೈಟಣ್ಣ ತನ್ನ ಕಾಲದಲ್ಲಿ ಎಷ್ಟು ಸಲ ಹೇಳಿದ್ದನೋ ಅವನಿಗೇ ಗೊತ್ತು.

"ಮಗಳಿಗೆ ಹೆರಿಗೆಯಾಗಿ ಕೂಸು ನಗೋಕೂ ಶುರು ಮಾಡಿದೆಯಂತೆ," ಅಂದಳು ಅಜ್ಜಿ. "ನಾನಿನ್ನೂ ಮುಖಾನೇ ನೋಡಿಲ್ಲ. ಹತ್ತಿರ ಕಾಣುತ್ತೆ ಊರು, ಹೋಗೋಕೆ ದಾರಿ ಇಲ್ಲ."

ಆದರೂ ಇಳಿಸಬಹುದಿತ್ತು. ಷರತ್ತು ಅಂದರೆ ಷರತ್ತು, ಹೆಂಡತಿಯ ಅಪ್ಪನ ದೋಣಿ, ಮಣ್ಣು ಪಾಲಾಗುತ್ತದೆ. ರೈಟಣ್ಣ ಮನಸ್ಸು ಕಲ್ಲು ಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಅಜ್ಜಿ ಕೂತ ಕಡೆಗೆ ದೋಣಿ ವಾಲಿತು. ಅವನ ಬಾಯಿಂದ ಬಂದದ್ದು, "ಅಜ್ಜಿ, ಸ್ವಲ್ಪ ಒಳಗೆ ಸರೀರಿ," ಅನ್ನುವ ಮಾತು.

ಅಲ್ಲಿಗೆ ಮುಗಿಯಿತು. ಒಮ್ಮೆ ಸೀಟು ತೋರಿಸಿದ ಮೇಲೆ ಅವರು ಪ್ರಯಾಣಿಕರು. ಪ್ರಯಾಣಿಕರನ್ನು ದಾರಿ ಮಧ್ಯೆ ಇಳಿಸಿದವನು ಕಂಡಕ್ಟರೇ ಅಲ್ಲ. ಊಟದ ಚೀಲ ಬಿಚ್ಚದೆಯೇ ದೋಣಿ ಹೊರಟಿತು.

ಎರಡನೇ ದ್ವೀಪದಿಂದ ಆದಷ್ಟು ದೂರದಲ್ಲೇ ಹಾದುಹೋಗಬೇಕು ಅಂತ ರೈಟಣ್ಣ ನಿರ್ಧರಿಸಿದ. ಇರುವ ಒಬ್ಬ ಅಜ್ಜಿಯನ್ನು ಊರಿನ ಆಚೆ ತುದಿಯಲ್ಲಿ ಎಲ್ಲಾದರೂ ಮೆಲ್ಲಗೆ ಇಳಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ದ್ವೀಪ ಬಂದ ಕೂಡಲೇ ಅವನು ಮುಖ ಆ ಕಡೆ ತಿರುಗಿಸಿಕೊಂಡ.

"ಅಲ್ಲಿ ಯಾರೋ ಕೈ ಮಾಡ್ತಿದ್ದಾರಲ್ಲಪ್ಪ," ಅಂದಳು ಅಜ್ಜಿ.

"ನನಗೆ ಕಾಣ್ತಿಲ್ಲ."

"ತಿರುಗಿ ನೋಡಿದ್ರೆ ಕಾಣುತ್ತೆ."

ತಿರುಗಬಾರದಿತ್ತು, ತಿರುಗಿದ. ದಡದಲ್ಲಿ ಒಬ್ಬ ಬಡಗಿ, ಒಂದು ಕೈಯಲ್ಲಿ ಹೊಸ ಬಾಗಿಲನ್ನು ನೆಟ್ಟಗೆ ಹಿಡಿದು, ಇನ್ನೊಂದು ಕೈಯನ್ನು ಮೇಲೆತ್ತಿಕೊಂಡು ನಿಂತಿದ್ದ. ಎತ್ತಿದ ಕೈ ಕಂಡರೆ ರೈಟಣ್ಣನಿಗೆ ಆಗುವುದೇ ಬೇರೆ. ಕುಡುಕನಿಗೆ ಅಂಗಡಿ ಕಂಡಷ್ಟೇ ಕಷ್ಟ. ಬೇಡ ಬೇಡ ಅನ್ನುತ್ತಲೇ ಚುಕ್ಕಾಣಿ ತಿರುಗಿತು.

ಬಡಗಿ ಬಾಗಿಲನ್ನು ಆನಿಸಿಕೊಂಡು, "ಲಗೇಜು ಎಲ್ಲಿಡಲಿ?" ಅಂದ.

"ಮೇಲೆ ಹಾಕ್ರಿ," ಅಂದ ರೈಟಣ್ಣ, ಅಭ್ಯಾಸಬಲದಿಂದ.

ಇಬ್ಬರೂ ಮೇಲೆ ನೋಡಿದರು. ಮೇಲೆ ಆಕಾಶ ಇತ್ತು. ಬಾಗಿಲು ಕೊನೆಗೆ ದೋಣಿಗೆ ಅಡ್ಡಲಾಗಿ ಮಲಗಿತು. ಊರಲ್ಲಿ ಒಂದು ಹೊಸ ಮನೆಗೆ ಇದು ಹೋಗಬೇಕಂತೆ. ಆ ಮನೆಯವರು ಬಾಗಿಲಿಲ್ಲದ ಕಡೆ ಬೀರು ಅಡ್ಡ ಇಟ್ಟು, ಹೊರಗೆ ಹೋಗಬೇಕಾದಾಗೆಲ್ಲ ಬೀರು ತಳ್ಳುತ್ತಿದ್ದಾರಂತೆ. ಅಜ್ಜಿ "ಪಾಪ" ಅಂದಳು. ರೈಟಣ್ಣನಿಗೂ ಪಾಪ ಅನ್ನಿಸಿತು, ಆದರೆ ಬೀರಿನವರಿಗಲ್ಲ, ತನಗೇ.

ಮೂರನೇ ದ್ವೀಪ ಬರುವ ಹೊತ್ತಿಗೆ ಅವನು ಕೂಗುವುದನ್ನೇ ಶುರು ಮಾಡಿದ್ದ. "ಇಲ್ಲಿ ನಿಲ್ಲೋದಿಲ್ಲ! ಎಕ್ಸ್‌ಪ್ರೆಸ್! ಎಕ್ಸ್‌ಪ್ರೆಸ್!" ಬಂಡೆಯ ಮೇಲೆ ಟ್ರಂಕು ಇಟ್ಟುಕೊಂಡು ನಿಂತಿದ್ದ ಹೆಂಗಸು ಸೊಂಟಕ್ಕೆ ಕೈ ಕೊಟ್ಟಳು.

"ನಿಲ್ಲಿಸದಿದ್ರೆ ಟ್ರಂಕು ಹೊತ್ಕೊಂಡೇ ನೀರಿಗೆ ಹಾರ್ತೀನಿ! ಈ ಮನುಷ್ಯನ ಜೊತೆ ಇನ್ನೊಂದು ಗಳಿಗೆ ಇರಲ್ಲ. ಊರಿಗೆ ಹೋಗಿ ನಮ್ಮಮ್ಮನ ಮನೆ ಸೇರ್ತೀನಿ!"

ನಿಲ್ಲಿಸಿದ. ಅವಳು ಹತ್ತಿದಳು. ಅವಳ ಹಿಂದೆಯೇ ಸೊಂಟದವರೆಗೆ ನೀರಲ್ಲಿ ನಡೆದುಕೊಂಡು, ಕೊಡೆ ಬಿಡಿಸಿಕೊಂಡು, ಆ ಮನುಷ್ಯನೂ ಬಂದ.

"ಇವರನ್ನ ಹತ್ತಿಸಬೇಡಿ!" ಅಂದಳು ಹೆಂಡತಿ.

"ನೀನು ಹೋಗೋ ಕಡೆಗೇ ನಾನೂ ಹೋಗಬೇಕು," ಅಂದ ಗಂಡ.

ಇಂಥ ಪ್ರಕರಣಗಳಲ್ಲಿ ರೈಟಣ್ಣನಿಗೆ ಅನುಭವ ಇತ್ತು. "ಹೆಂಗಸರು ಮುಂದೆ, ಗಂಡಸರು ಹಿಂದೆ," ಅಂತ ತೀರ್ಪು ಕೊಟ್ಟ. ಇಬ್ಬರೂ ದೋಣಿಯ ಎರಡು ತುದಿಯಲ್ಲಿ ಕೂತು ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದ್ದರಿಂದ ದೋಣಿಯ ತೂಕ ಚೆನ್ನಾಗಿ ಸಮನಾಯಿತು. ಆದರೆ ಅವನು ಮಾತ್ರ ಗಂಡನ ಕೊಡೆಗೂ ಬಾಗಿಲಿನ ಮೂಲೆಗೂ ನಡುವೆ, ಮೊಣಕೈ ಎರಡನ್ನೂ ಒಳಕ್ಕೆ ಎಳೆದುಕೊಂಡು, ಅಡ್ಡಡ್ಡ ಕೂತು ಚುಕ್ಕಾಣಿ ಹಿಡಿದಿದ್ದ. ಬಸ್ಸಿನಲ್ಲಿ ಇದಕ್ಕಿಂತ ಹೆಚ್ಚು ಜಾಗ ಇರುತ್ತಿತ್ತು.

ಊರಿನ ದಡ ದೂರದಲ್ಲಿ ಕಾಣಿಸಿಕೊಂಡಾಗ ಅವನ ಮುಖ ಇಳಿದುಹೋಯಿತು. ಜಗಳದ ಹೆಂಗಸು ಅದನ್ನು ಗಮನಿಸಿ, "ಯಾಕ್ರೀ, ಮೈ ಹುಷಾರಿಲ್ವಾ?" ಅಂತ ಕೇಳಿದಳು. ರೈಟಣ್ಣ ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟ. ಮಾವನ ದೋಣಿ, ಹೆಂಡತಿಯ ಮೌನ, ಭಾವನ ಷರತ್ತು, ಮಣ್ಣು, ಹೂಗಿಡ.



"ಅಯ್ಯೋ, ಇದನ್ನ ಮೊದಲೇ ಹೇಳಬಾರದಿತ್ತಾ?" ಅಂದ ಬಡಗಿ.

"ಸರ್ವೀಸ್ ದೋಣಿ ಅಲ್ಲ ಅಂತ ಅಜ್ಜಿಗೆ ಹೇಳಿದ್ನಲ್ಲ!"

"ಕಂಡಕ್ಟರ್ ದನಿಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಅಂದಳು ಅಜ್ಜಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಜೀವನದಲ್ಲಿ ಒಂದು ದಿನ ಒಬ್ಬನೇ ಇರ್ತೀನಿ ಅಂತ ಹೊರಟವನ ತಲೆ ಮೇಲೆ ಬಂದು ಕೂತೆವಲ್ಲಪ್ಪ. ಏ, ಎಲ್ಲರೂ ಆ ಕಡೆ ತಿರುಗ್ರಿ! ಯಾರೂ ಪಿಟಿಕ್ ಅನ್ನಬಾರದು. ಇವನು ಸ್ವಲ್ಪ ಹೊತ್ತಾದ್ರೂ ಒಬ್ಬನೇ ಇರಲಿ."

ಎಲ್ಲರೂ ಅವನಿಗೆ ಬೆನ್ನು ಹಾಕಿ ಕೂತರು. ಗಂಡ ಕೊಡೆ ಮಡಚಿದ. ಅಜ್ಜಿ ಕೋಳಿಯ ಕೊಕ್ಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದುಕೊಂಡಳು. ಉಸಿರಾಡುವುದನ್ನೂ ಅವರು ಸರದಿಯ ಮೇಲೆ ಮಾಡುತ್ತಿದ್ದ ಹಾಗಿತ್ತು. ದೋಣಿಯ ಅಡಿಯಲ್ಲಿ ನೀರು ಸರಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ನಾಲ್ಕು ಬೆನ್ನುಗಳನ್ನು ನೋಡುತ್ತಾ ರೈಟಣ್ಣ ಏಕಾಂತವನ್ನು ಅನುಭವಿಸಲು ಪ್ರಯತ್ನಪಟ್ಟ. ಗಂಟಲು ಸರಿ ಮಾಡಿಕೊಂಡ. ಮೊದಲು ಚುಕ್ಕಾಣಿ, ಆಮೇಲೆ ಬೆನ್ನುಗಳು, ಮತ್ತೆ ಚುಕ್ಕಾಣಿ, ಹೀಗೆ ನೋಡಿದ. ಯಾರೋ ತೀರಿಕೊಂಡ ಮನೆಯಲ್ಲಿ ಕೂತ ಹಾಗಾಯಿತು ಅವನಿಗೆ.

"ಕೂಸಿಗೆ ಹೆಸರು ಇಟ್ಟಾಯ್ತಾ ಅಜ್ಜಿ?" ಅಂದ, ತಡೆಯಲಾಗದೆ.

"ಶ್!" ಅಂದಳು ಅಜ್ಜಿ, ತಿರುಗದೆ. "ಒಬ್ಬನೇ ಇದ್ದೀಯ. ಸುಮ್ಮನಿರು."

ಉಪಾಯ ಹೊಳೆದದ್ದು ಬಡಗಿಗೆ. ಎಲ್ಲರೂ ದೋಣಿಯ ತಳದಲ್ಲಿ ಮಲಗಿ ಮೇಲೆ ಬಾಗಿಲು ಮುಚ್ಚಿಕೊಂಡರೆ ದಡದವರಿಗೆ ರೈಟಣ್ಣ ಒಬ್ಬನೇ ಕಾಣುತ್ತಾನೆ. ಭಾವ ಕಟ್ಟೆಯಿಂದ ಹೋದ ಮೇಲೆ ಎದ್ದು ಬರುವುದು. ಗಂಡನ ಪಕ್ಕ ಮಲಗುವುದಿಲ್ಲ ಅಂತ ಜಗಳದ ಹೆಂಗಸು ಹಟ ಹಿಡಿದಳು. ಬೇರೆ ಜಾಗವೇ ಇರಲಿಲ್ಲ. "ನಿಮಗೋಸ್ಕರ ಮಾತ್ರ," ಅಂತ ರೈಟಣ್ಣನಿಗೆ ಹೇಳಿ ಒಳಗೆ ತೂರಿಕೊಂಡಳು. ಬಾಗಿಲು ಮುಚ್ಚಿತು.

ದೋಣಿಕಟ್ಟೆಯ ಮೇಲೆ ಇಡೀ ಬೀದಿಯೇ ನಿಂತಿತ್ತು. ಮುಂದೆ ಭಾವ, ಕಣ್ಣಿಗೆ ದುರ್ಬೀನು. ಅವರ ಹಿಂದೆ ಮಣ್ಣಿನ ಬುಟ್ಟಿಗಳ ಜೊತೆ ಕೂಲಿಯವರು, ಅವರ ಹಿಂದೆ ಹೂವಿನ ಸಸಿ ಹಿಡಿದ ಮಾಲಿ. ಪಕ್ಕದ ಮನೆ ಮೇಷ್ಟ್ರು, "ನಾನಿದ್ದಿದ್ರೆ ಇನ್ನೂ ಬೇಗ ಬರ್ತಿದ್ದರು," ಅಂತ ಎಲ್ಲರಿಗೂ ಹೇಳುತ್ತಿದ್ದರು. ಮೆಟ್ಟಿಲ ಮೇಲೆ ಹೆಂಡತಿ, ಒಂದು ಕೈಯಿಂದ ಇನ್ನೊಂದು ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ದೋಣಿ ಬಂದು ಕಟ್ಟೆಗೆ ತಾಗಿತು. ಜನ ಚಪ್ಪಾಳೆ ತಟ್ಟಿದರು.

ಭಾವ ದುರ್ಬೀನು ಇಳಿಸಿದರು. ಅವರೂ ಕೆಟ್ಟವರೇನಲ್ಲ. "ಒಪ್ಪಿದೆ," ಅಂದರು. "ನಿಮ್ಮ ಕೈಲಾಗಲ್ಲ ಅಂದ್ಕೊಂಡಿದ್ದೆ. ನನ್ನದು ತಪ್ಪು. ಆ ಬಾಗಿಲು ಎಲ್ಲಿ ಸಿಕ್ಕಿತು?"

"ತೇಲ್ತಾ ಇತ್ತು ಭಾವ."

"ಒಳ್ಳೆ ಮರ. ಸರಿ, ದೋಣಿ ನಿಮ್ಮದೇ." ಹೆಂಡತಿಯ ಮುಖ ಅರಳಿತು. ಅಲ್ಲಿಗೆ ಎಲ್ಲ ಸುಖವಾಗಿ ಮುಗಿಯಬೇಕಿತ್ತು. ಆದರೆ ಭಾವ ಕಚೇರಿಯ ಮನುಷ್ಯ. ಬಂದ ಯಾವ ದೋಣಿಗಾದರೂ ಕೇಳಬೇಕಾದ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಬೆನ್ನು ನೆಟ್ಟಗೆ ಮಾಡಿ, ದನಿ ಗಡಸು ಮಾಡಿ ಕೇಳಿದರು:

"ಒಳಗೆ ಎಷ್ಟು ಜನ?"

ಆ ದನಿ, ಆ ಗತ್ತು, ಆ ಪ್ರಶ್ನೆ! ಸಾಕ್ಷಾತ್ ಚೆಕಿಂಗ್ ಇನ್‌ಸ್ಪೆಕ್ಟರು ಬಸ್ಸಿಗೆ ಹತ್ತಿದ ಹಾಗೆ. ರೈಟಣ್ಣ ತನ್ನ ಇಡೀ ಸರ್ವೀಸಿನಲ್ಲಿ ಈ ಪ್ರಶ್ನೆಗೆ ಒಂದು ಸಲವೂ ತಪ್ಪು ಉತ್ತರ ಕೊಟ್ಟವನಲ್ಲ. ಕಾಲುಗಳು ಕೂಡಿಕೊಂಡವು, ಎದೆ ಉಬ್ಬಿತು.

"ನಾಲ್ಕು ಜನ ಸಾರ್! ಲಗೇಜು ಒಂದು ಟ್ರಂಕು, ಒಂದು ಬಾಗಿಲು, ಒಂದು ಕೋಳಿ!"

ಹೇಳಿದ ಮೇಲೆ ತಾನೇ ಬೆಚ್ಚಿಬಿದ್ದ. ಬಾಗಿಲ ಕೆಳಗಿಂದ ಅಜ್ಜಿಯ ದನಿ ಬಂತು: "ಅಯ್ಯೋ ಮಂಕೇ!"

ಬಾಗಿಲು ಮೇಲೆದ್ದಿತು. ಒಬ್ಬೊಬ್ಬರಾಗಿ ಎದ್ದು ಕೂತರು. ಜಗಳದ ಹೆಂಗಸು ಗಂಡನ ಕೈ ಹಿಡಿದುಕೊಂಡಿದ್ದಳು. ಬಾಗಿಲ ಕೆಳಗೆ ಏನು ಮಾತಾಯಿತೋ, "ಇಷ್ಟು ಬೇಗ ಯಾಕೆ ತೆಗೆದ್ರಿ? ಇನ್ನೂ ಮುಗಿದಿರಲಿಲ್ಲ," ಅಂತ ಬಡಗಿಯ ಮೇಲೆ ರೇಗಿದಳು.

ಭಾವನ ಮುಖ ಕೆಂಪಾಯಿತು. "ಇಳೀರಿ ದೋಣಿಯಿಂದ," ಅಂದರು ರೈಟಣ್ಣನಿಗೆ. ಅವನು ತಲೆ ತಗ್ಗಿಸಿಕೊಂಡು ಕಟ್ಟೆಗೆ ಹತ್ತಿದ, ಕೈಯಲ್ಲಿ ದೋಣಿಯ ಹಗ್ಗ. ಹೆಂಡತಿಯ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ. ಭಾವ ಕೂಲಿಯವರಿಗೆ ಕೈ ಮಾಡಿದರು. "ಇವರೆಲ್ಲ ಇಳಿದ ಕೂಡಲೇ ಮೇಲಕ್ಕೆಳೆದು ಮಣ್ಣು ಹಾಕಿ."

"ನಾನು ಇಳಿಯಲ್ಲ," ಅಂದಳು ಅಜ್ಜಿ.

"ಏನಂದ್ರಿ?"

"ಬನ್ರಪ್ಪ, ಹಾಕಿ ಮಣ್ಣು. ನನ್ನ ಮೇಲೇ ಹಾಕಿ. ತಲೆ ಮೇಲೆ ಒಂದು ಗಿಡ ನೆಡಿ. ನೀರು ಮಾತ್ರ ಬಿಸಿ ಮಾಡಿ ಹಾಕಿ, ತಣ್ಣೀರು ನನಗೆ ಆಗಲ್ಲ. ಕೂಸಿನ ಮುಖ ನೋಡೋಕೆ ಇಷ್ಟು ದಿನ ಕಾದಿದ್ದೀನಿ, ಇನ್ನೂ ಕಾಯ್ತೀನಿ. ಈ ಪುಣ್ಯಾತ್ಮನ ದೋಣಿ ಹೋಗೋಕೆ ಬಿಡಲ್ಲ."

"ನಾನೂ ಇಳಿಯಲ್ಲ," ಅಂದ ಬಡಗಿ. ಬೀರು ತಳ್ಳುವವರು ಇನ್ನೊಂದಿಷ್ಟು ತಳ್ಳಲಿ ಅಂತ ಸೇರಿಸಿದ. "ನಾವು ಹೇಗೂ ವಾಪಸ್ ಹೋಗಬೇಕು, ಇಳಿದೇನು ಮಾಡೋದು?" ಅಂದರು ಗಂಡ ಹೆಂಡತಿ, ಒಟ್ಟಿಗೆ. ಕೂಲಿಯವರು ಬುಟ್ಟಿ ಹಿಡಿದುಕೊಂಡು ಭಾವನ ಮುಖ ನೋಡಿದರು. ಇಳಿಯದ ಪ್ರಯಾಣಿಕರನ್ನು ಇಳಿಸುವುದು ಹೇಗೆ ಅಂತ ಯಾವ ಬಂದರಿನ ನಿಯಮದಲ್ಲೂ ಇರಲಿಲ್ಲ.

ಆಗ ರೈಟಣ್ಣನ ಹೆಂಡತಿ ಚಪ್ಪಲಿ ಕಳಚಿ ಮೆಟ್ಟಿಲ ಮೇಲಿಟ್ಟಳು. ಕೆಳಗೆ ಬಂದು, ದೋಣಿಯ ಅಂಚನ್ನು ಒಂದು ಸಲ ಸವರಿ, ಒಳಗೆ ಕಾಲಿಟ್ಟಳು. ಸೀದಾ ಹೋಗಿ ಚುಕ್ಕಾಣಿಯ ಹತ್ತಿರ ಕೂತಳು.

"ಅಣ್ಣಾ, ನಮ್ಮಪ್ಪನ ದೋಣಿ ಇದು. ಮಣ್ಣಿಗೆ ಹಾಕೋದು ಸತ್ತವರನ್ನ. ಇದಿನ್ನೂ ಬದುಕಿದೆ. ಒಂದು ಸುತ್ತು ಹೋಗಿ ಬರ್ತೀನಿ. ಆಮೇಲೂ ನಿನಗೆ ಹಾಗೇ ಅನ್ನಿಸಿದ್ರೆ ತುಂಬು, ನಾನು ಬೇಡ ಅನ್ನಲ್ಲ."

"ಹುಚ್ಚುಚ್ಚಾಗಿ ಆಡಬೇಡ, ಇಳಿ," ಅಂತ ಭಾವ ಅವಳ ಕೈ ಹಿಡಿಯಲು ಬಗ್ಗಿದರು. ಒಂದು ಕಾಲು ಕಟ್ಟೆಯ ಮೇಲೆ, ಒಂದು ಕಾಲು ದೋಣಿಯ ಮೇಲೆ. ಇತ್ತ ರೈಟಣ್ಣ ಕಟ್ಟೆಯ ಮೇಲೆ ನಿಂತು ಹೆಂಡತಿಯನ್ನೇ ನೋಡುತ್ತಿದ್ದ. ಇಷ್ಟು ವರ್ಷವಾದ ಮೇಲೆ ಅವಳು ದೋಣಿಯಲ್ಲಿ ಕೂತಿದ್ದಳು. ಹಗ್ಗ ಕೈಯಿಂದ ಜಾರಿದ್ದು ಅವನಿಗೆ ತಿಳಿಯಲಿಲ್ಲ.

ದೋಣಿಗೂ ಕಟ್ಟೆಗೂ ನಡುವೆ ನೀರು ಅಗಲವಾಗತೊಡಗಿತು. ಭಾವನ ಕಾಲುಗಳೂ ಅಗಲವಾಗತೊಡಗಿದವು. ಅವರ ಗಾಂಭೀರ್ಯ ಮಾತ್ರ ಹಾಗೇ ಇತ್ತು. ಇಡೀ ಬೀದಿ ಉಸಿರು ಬಿಗಿಹಿಡಿದು ನೋಡಿತು. ಅಷ್ಟರಲ್ಲಿ ರೈಟಣ್ಣನಿಗೆ ಎಚ್ಚರವಾಯಿತು. ಕಣ್ಣೆದುರಿಗೆ ಕಂಡದ್ದು ಭಾವ ಅಲ್ಲ, ಚಲಿಸುವ ವಾಹನದ ಫುಟ್‌ಬೋರ್ಡ್ ಮೇಲೆ ನೇತಾಡುವ ಒಬ್ಬ ಬುದ್ಧಿಗೇಡಿ.

"ಯಾರ್ರೀ ಅದು ಬಾಗಿಲಲ್ಲಿ!" ಅಂತ ಗುಡುಗಿದ. "ಪ್ರಾಣ ಹೆಚ್ಚಾಗಿದೆಯಾ? ಒಳಗೆ ನಡೀರಿ! ಒಳಗೆ ಜಾಗ ಇದೆ, ಒಳಗೆ ನಡೀರಿ!"

ಬಂದರಿನ ದೊಡ್ಡ ಸಾಹೇಬರು, ಯಾರ ಮಾತನ್ನೂ ಕೇಳಿ ಗೊತ್ತಿಲ್ಲದವರು, ಬೆದರಿ ಒಳಗೆ ಹಾರಿದರು. ಜಗಳದ ಗಂಡ ಹೆಂಡತಿಯ ನಡುವೆ ಬಿದ್ದು, ಸಾವರಿಸಿಕೊಂಡು, ಬಾಗಿಲ ಮೇಲೆ ಕೂತರು. ಗಾಳಿ ಹಾಯಿಗೆ ತುಂಬಿತು. ದೋಣಿ ಹೊರಟೇಬಿಟ್ಟಿತು.

ಕಟ್ಟೆಯ ಜನರೆಲ್ಲ ದೋಣಿಯ ಜೊತೆಜೊತೆಗೇ ದಡದುದ್ದಕ್ಕೂ ಓಡಿದರು, ಮೇಷ್ಟ್ರು ಎಲ್ಲರಿಗಿಂತ ಮುಂದೆ. ಕೂಲಿಯವರೂ ಮಾಲಿಯೂ ಬುಟ್ಟಿ ಇಳಿಸಿ ಓಡಿದರು. ನೀರಿನ ಮೇಲಿಂದ ಭಾವನ ದನಿ ತೇಲಿಬಂತು. ಮೊದಲು ಬೈಗುಳ, ಆಮೇಲೆ ಗೊಣಗಾಟ. ಅನಂತರ ಯಾರಿಗೂ ಗುರುತು ಸಿಗದ ಒಂದು ಮೆತ್ತನೆಯ ದನಿ: "ಹಾಗಲ್ವೇ, ಹಗ್ಗ ಸಡಿಲ ಆಯ್ತು. ಕೊಡಿಲ್ಲಿ. ಅಪ್ಪ ಹೀಗೆ ಹಿಡೀತಿದ್ದರು, ನೋಡು. ಮಣ್ಣು ತುಂಬ್ತಾರಂತೆ ಮಣ್ಣು! ಇಂಥ ದೋಣಿಗೆ!"

ಹೆಂಡತಿ ನಗುವುದು ಕೇಳಿಸಿತು. ಹುಡುಗಿಯ ಹಾಗೆ ನಗುತ್ತಿದ್ದಳು.

ರೈಟಣ್ಣ ಅತ್ತಿತ್ತ ನೋಡಿದ. ಉದ್ದಾನುದ್ದ ದೋಣಿಕಟ್ಟೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಬ್ಬನೇ. ಭಾವನ ಷರತ್ತಿನ ಪ್ರಕಾರ ಒಬ್ಬನೇ ಅಂದರೆ ಒಬ್ಬನೇ. ಈ ಅಪೂರ್ವ ಕ್ಷಣದಲ್ಲಿ ಅವನು ಮಾಡಿದ್ದೇನೆಂದರೆ, ಕಟ್ಟೆಯ ತುದಿಯವರೆಗೆ ಓಡಿ, ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದ: "ಹೋಲ್ಡಾನ್! ಹೋಲ್ಡಾನ್! ನಾನೂ ಬರ್ತೀನಿ!"

ಹೆಂಡತಿ ಚುಕ್ಕಾಣಿ ಬಿಡದೆ ತಿರುಗಿ ನೋಡಿದಳು.

"ಫುಲ್ಲಾಗಿದೆ ರೀ! ಮುಂದಿನ ಟ್ರಿಪ್ಪಿಗೆ ಬನ್ನಿ!"

"ಎಷ್ಟೊತ್ತಿಗೆ ಮುಂದಿನ ಟ್ರಿಪ್ಪು?" ಅಂತ ಕೂಗಿದ ರೈಟಣ್ಣ.

ದೋಣಿಯಿಂದ ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಅವನೂ ಯಾವತ್ತೂ ಉತ್ತರ ಕೊಟ್ಟವನಲ್ಲ.